ಹೊಳೆದಂಡೆಯಲ್ಲಿ ಅಪ್ಪನ ಕರಡಿಗೆ

ಹಡಗಲಿಯ ನಮ್ಮ ಮನೆಗೆ ಎರಡು ಬಾಗಿಲು. ಬೀದಿಯ ಕಡೆಯದು ಅಜ್ಜಿಯದು. ಅವಳು ಕಟ್ಟೆಯ ಮೇಲೆ ಗೋಡೆಗೊರಗಿ ಕೂತಿದ್ದರೆ ಅವಳ ಕಣ್ಣು ತಪ್ಪಿಸಿ ಒಂದು ಬೆಕ್ಕೂ ಒಳಗೆ ಹೋಗುವಂತಿರಲಿಲ್ಲ. ಹಿತ್ತಲ ಕಡೆಯದು ಅಪ್ಪನದು, ಅದೂ ಭಾನುವಾರ ಮಾತ್ರ. ಉಳಿದ ಆರು ದಿನ ಅಪ್ಪ ನಮ್ಮ ಹಿಟ್ಟಿನ ಗಿರಣಿಯಿಂದ ಮುಂಬಾಗಿಲಲ್ಲೇ ಬರುತ್ತಿದ್ದ. ರೆಪ್ಪೆಯ ಮೇಲೆ ಜೋಳದ ಹಿಟ್ಟು, ಕಿವಿಯ ಸಂದಿಯಲ್ಲಿ ಗೋಧಿ ಹಿಟ್ಟು. ಅದಕ್ಕೆ ಅಜ್ಜಿಯ ತಕರಾರಿರಲಿಲ್ಲ. ಭಾನುವಾರ ಬೆಳಿಗ್ಗೆ ಮಾತ್ರ ಅವನು ಹೊಳೆಯಿಂದ ಬರುತ್ತಿದ್ದ, ಮೀನು ಮುಟ್ಟಿದ ಕೈಯಲ್ಲಿ. ಆ ದಿನ ಸಂದಿಯಿಂದ ಸುತ್ತಿ ಹಿತ್ತಲಿಗೆ ಬಂದು, ಅವ್ವ ಕಾಯಿಸಿಟ್ಟ ನೀರಿನಲ್ಲಿ ಸೀಗೆಪುಡಿ ಹಚ್ಚಿ ಮೈಯೆಲ್ಲ ತಿಕ್ಕಿಕೊಂಡು, ಹಣೆಗೆ ವಿಭೂತಿ ಬಳಿದುಕೊಂಡ ಮೇಲೆಯೇ ಅವನು ಒಳಗೆ ಕಾಲಿಡಬೇಕು. ಗಾಳದ ಕೋಲುಗಳಂತೂ ಮನೆಗೆ ಬರುವ ಹಾಗೇ ಇರಲಿಲ್ಲ. ಇದು ಅಜ್ಜಿಯ ಕಾನೂನು. ಮೀರುವ ಧೈರ್ಯ ಅಪ್ಪನಿಗೂ ಇರಲಿಲ್ಲ, ಮೀರುವ ಮನಸ್ಸೂ ಇರಲಿಲ್ಲ ಅಂತ ಈಗ ಅನ್ನಿಸುತ್ತದೆ.

ನಾವು ಲಿಂಗವಂತರು. ಮನೆಯಲ್ಲಿ ಮೊಟ್ಟೆಯ ಹೆಸರನ್ನೂ ಎತ್ತುವಂತಿರಲಿಲ್ಲ. ಅಂಥ ಮನೆಯ ಮಗನಿಗೆ ಗಾಳ ಹಾಕುವ ಚಟ ಹತ್ತಿಸಿದ್ದು ಖಾಸಿಂ ಚಾಚಾ. ಅವನು ಸುಟ್ಟುಹೋದ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತಿ ಕೊಡುವ ಮಿಸ್ತ್ರಿ. ನಾನು ಹುಟ್ಟುವ ಮುಂಚೆ ಒಮ್ಮೆ ಗಿರಣಿಯ ಮೋಟಾರು ಸುಟ್ಟು, ಅಪ್ಪ ಅವನ ಬೆನ್ನು ಬಿದ್ದನಂತೆ. ಚಾಚಾ ಹೊಳೆದಂಡೆಯ ಯಾರದೋ ಪಂಪ್‌ಸೆಟ್ ನೋಡಲು ಹೊರಟರೆ ಇವನೂ ಗಾಡಿಯ ಹಿಂದೆ ಕೂತು ಹೋದ. ಪಂಪ್‌ಸೆಟ್ ಕೆಲಸ ಮುಗಿಸಿ ಚಾಚಾ ಗಾಳ ಹಾಕಿ ಕೂತ. ಸುಮ್ಮನೆ ಕೂರುವ ಬದಲು ಇದನ್ನು ಹಿಡಿದುಕೋ ಎಂದು ಅಪ್ಪನ ಕೈಗೂ ಒಂದು ಕೋಲು ಕೊಟ್ಟ. ಗಿರಣಿಯ ಮೋಟಾರು ರಿಪೇರಿಯಾಗಲು ಇನ್ನೂ ನಾಲ್ಕು ದಿನ ಹಿಡಿಯಿತು. ಅಪ್ಪ ಅದರ ಬಗ್ಗೆ ಒಂದು ಮಾತೂ ಕೇಳಲಿಲ್ಲವಂತೆ. ಅಲ್ಲಿಂದ ಶುರುವಾದದ್ದು ಭಾನುವಾರದ ಹೊಳೆ. ಸಿಕ್ಕ ಮೀನೆಲ್ಲ ಚಾಚಾನ ಮನೆಗೆ. ಅಪ್ಪನಿಗೆ ಬೇಕಾದದ್ದು ದಂಡೆಯಲ್ಲಿ ಕೂರುವ ಆ ನಾಲ್ಕು ತಾಸು ಮಾತ್ರ.

ಶನಿವಾರ ಸಂಜೆಯೇ ನಮ್ಮ ಅಡುಗೆಮನೆಯಲ್ಲಿ ಹೊಳೆಯ ತಯಾರಿ ಶುರುವಾಗುತ್ತಿತ್ತು. ಅಪ್ಪ ಎಣ್ಣೆಗಾಣದಿಂದ ಶೇಂಗಾ ಹಿಂಡಿ ತರುತ್ತಿದ್ದ. ಅವ್ವ ಅದನ್ನು ಕುಟ್ಟಿ, ಜೋಳದ ಹಿಟ್ಟಿಗೆ ಬೆರೆಸಿ, ಬೆಲ್ಲದ ನೀರು ಚಿಮುಕಿಸಿ, ಚಿಟಿಕೆ ಇಂಗು ಹಾಕಿ ನಾದುತ್ತಿದ್ದಳು. ಹಿಟ್ಟು ಕೊಕ್ಕೆಯಿಂದ ಉದುರಬಾರದು, ನೀರಿನಲ್ಲಿ ಕಲ್ಲೂ ಆಗಬಾರದು. ಆ ಹದ ರೊಟ್ಟಿ ತಟ್ಟುವ ಕೈಗೇ ಗೊತ್ತು. ನಾದುತ್ತ ನಾದುತ್ತ ಗೊಣಗುವುದೂ ಇರುತ್ತಿತ್ತು.

"ಮೀನಿನ ಹಿಟ್ಟಿಗೆ ಬೆಲ್ಲ, ಇಂಗು ಎಲ್ಲಾ ಬೇಕು. ನಾನು ಸಾರಿಗೆ ಒಂದು ಚೂರು ಹೆಚ್ಚಿಗಿ ಇಂಗು ಹಾಕಿದ್ರ, ತುಟ್ಟಿ ಐತಿ ಅಂತೀರಿ."

"ಮೀನಿಗೆ ಇನ್ನ ಆಸಿ ಹುಟ್ಟಸಬೇಕು. ನಾನು ನಿನ್ನ ಸಾರಿಗೆ ಯಾವಾಗೋ ಸಿಕ್ಕೊಂಡು ಆಗೇತಿ," ಅನ್ನುತ್ತಿದ್ದ ಅಪ್ಪ.

ಎರೆಹುಳ ಚುಚ್ಚುವುದು ಮಾತ್ರ ಅವನಿಂದ ಆಗುತ್ತಿರಲಿಲ್ಲ. ಅದೂ ಒಂದು ಜೀವ ಅಲ್ಲವೇ ಎನ್ನುತ್ತಿದ್ದ. ಹಾಗಾದರೆ ಮೀನು ಏನು, ಸೋರೆಕಾಯಿಯೇ ಎಂದು ಅವ್ವ ಕೇಳಿದರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದ. ಬೆಂಡಿನದೂ ಒಂದು ಕಥೆ. ನೀರಿನ ಮೇಲೆ ನಿಂತು ಮೀನು ಮುಟ್ಟಿದ್ದನ್ನು ಹೇಳುವ ಆ ಬೆಂಡನ್ನು ಚಾಚಾ ಜೋಳದ ದಂಟಿನ ತಿರುಳಿನಿಂದ ಮಾಡಿಕೊಳ್ಳುತ್ತಿದ್ದ. ಅಪ್ಪನಿಗೆ ನವಿಲುಗರಿಯ ದಂಟೇ ಬೇಕು. ಹಗುರ, ನೀರು ಹೀರುವುದಿಲ್ಲ. ಅಜ್ಜಿಯ ತವರು ಗುಡೇಕೋಟೆ. ಅಲ್ಲಿಯ ಗುಡ್ಡದಲ್ಲಿ ಉದುರಿದ ಗರಿಗಳನ್ನು ಅವಳ ತಮ್ಮನ ಮಕ್ಕಳು ದೇವರ ಕೋಣೆಗೆಂದು ಕಟ್ಟಿ ತಂದುಕೊಡುತ್ತಿದ್ದರು. ಆ ಕಟ್ಟು ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತಿದ್ದರೂ ಅಜ್ಜಿ ಇಲಿಗಳನ್ನೇ ಬೈಯುತ್ತಿದ್ದಳು.

ಇಷ್ಟೆಲ್ಲ ಅಜ್ಜಿಗೆ ಗೊತ್ತಿತ್ತು, ಅಥವಾ ಗೊತ್ತಿಲ್ಲದ ಹಾಗೆ ಇದ್ದಳು. ನಿಜವಾಗಿ ಗೊತ್ತಿಲ್ಲದ್ದು ಒಂದೇ. ನಮ್ಮಲ್ಲಿ ಕೊರಳಿಗೆ ಕಟ್ಟಿದ ಲಿಂಗ ಮೈ ಬಿಟ್ಟು ಹೋಗುವಂತಿಲ್ಲ. ಅಕಸ್ಮಾತ್ ಕಳೆದುಹೋದರೆ ಅದು ಸಿಗುವವರೆಗೆ, ಇಲ್ಲವೇ ಗುರುಗಳು ಬಂದು ಬೇರೆ ಕಟ್ಟುವವರೆಗೆ ಅನ್ನವಿಲ್ಲ, ನೀರಿಲ್ಲ. ಅಪ್ಪನ ಲಿಂಗ ಒಂದು ಬೆಳ್ಳಿಯ ಕರಡಿಗೆಯಲ್ಲಿತ್ತು; ತಾತನ ಕಾಲದ್ದು, ಸವೆದು ನುಣ್ಣಗಾದ ಪುಟ್ಟ ಡಬ್ಬಿ. ಮೀನು ಮುಟ್ಟುವ ಹೊತ್ತಿನಲ್ಲಿ ಅದು ಎದೆಯ ಮೇಲಿದ್ದರೆ ಅಪಚಾರವೆಂದು ಅಪ್ಪನಿಗೆ ಅಳುಕು. ಅದಕ್ಕೇ ಗಾಳ ಬಿಚ್ಚುವ ಮುಂಚೆ ಕರಡಿಗೆಯನ್ನು ತೆಗೆದು, ಕಣ್ಣಿಗೊತ್ತಿಕೊಂಡು, ದಂಡೆಯ ಜಾಲಿ ಗಿಡದ ಟೊಂಗೆಗೆ ತೂಗುಹಾಕುತ್ತಿದ್ದ. ಮಾಡಬಾರದ್ದನ್ನು ಇಷ್ಟು ಭಕ್ತಿಯಿಂದ ಮಾಡುವವರು ನಮ್ಮವರೇ ಇರಬೇಕು. ಒಂದು ಭಾನುವಾರ ಕಾಗೆಯೊಂದು ಆ ದಾರವನ್ನು ಕುಕ್ಕಲು ನೋಡಿತಂತೆ. ಅಪ್ಪ ಗಾಳ ಬಿಟ್ಟು ಓಡಿದ. ಮುಂದಿನ ಭಾನುವಾರ, ಮಗಳಿಗೆ ಹೊಳೆ ತೋರಿಸುತ್ತೇನೆ ಎಂದು ಅಜ್ಜಿಗೆ ಹೇಳಿ ಎಂಟು ವರ್ಷದ ನನ್ನನ್ನು ಲೂನಾದ ಹಿಂದೆ ಕೂರಿಸಿಕೊಂಡ.

ನಾನು ಹಿಗ್ಗಿ ಹೀರೆಕಾಯಿಯಾಗಿ ಹೋದೆ. ದಂಡೆಯಲ್ಲಿ ಇಳಿದ ಮೇಲೆ ಗೊತ್ತಾಯಿತು, ನಾನು ಜಾಲಿ ಗಿಡದ ಬದಲಿಗೆ ಬಂದವಳು ಅಂತ. ಅಪ್ಪ ಕರಡಿಗೆಯನ್ನು ನನ್ನ ಕೊರಳಿಗೆ ಹಾಕಿ, ಫ್ರಾಕಿನ ಒಳಗೆ ಬಿಟ್ಟು, ಎತ್ತರದ ಬಂಡೆಯ ಮೇಲೆ ಕೂರಿಸಿದ.

"ಇದು ಕೊಳ್ಳಾಗ ಇರೋಮಟ ಮೀನ ಮುಟ್ಟಂಗಿಲ್ಲ, ಗಾಳ ಮುಟ್ಟಂಗಿಲ್ಲ. ಅಜ್ಜಿಗೆ ಹೇಳಂಗಿಲ್ಲ. ತಿಳೀತಾ?"

ಮೈಮೇಲೆ ಇರಬೇಕಾದ್ದು ಯಾರದ್ದೋ ಮೈಮೇಲಂತೂ ಇದೆ ಎಂಬ ಸಮಾಧಾನ ಅವನದು. ನನಗಿನ್ನೂ ದೀಕ್ಷೆಯಾಗಿರಲಿಲ್ಲ, ಹಾಗಾಗಿ ನನ್ನ ಕೊರಳು ಖಾಲಿಯೇ ಇತ್ತು. ಎರಡು ವರ್ಷ, ಮಳೆಗಾಲ ಬಿಟ್ಟು ಉಳಿದ ಎಲ್ಲ ಭಾನುವಾರ ನಾನು ಆ ಬಂಡೆಯ ಮೇಲೆ ಕೂತೆ. ಬೆಳಗಿನ ಹೊಳೆಗೆ ಒಂದು ವಾಸನೆ ಇರುತ್ತದೆ, ಹಸಿ ಮರಳಿನದು, ಪಾಚಿಯದು. ಆಚೆ ದಂಡೆಯಲ್ಲಿ ಯಾರೋ ಎಮ್ಮೆ ತೊಳೆಯುವ ಸದ್ದು ಈಚೆಗೆ ನಿಧಾನವಾಗಿ ಬರುತ್ತಿತ್ತು. ಚಾಚಾ ಮನೆಯಿಂದ ಒಗ್ಗರಣೆ ಮಂಡಕ್ಕಿ ಕಟ್ಟಿಸಿಕೊಂಡು ಬರುತ್ತಿದ್ದ. ಅವನೂ ನಾನೂ ತಿನ್ನುತ್ತಿದ್ದೆವು. ಅಪ್ಪ ಮನೆಗೆ ಹೋಗಿ ಲಿಂಗಪೂಜೆಯಾಗದೆ ಬಾಯಿಗೆ ನೀರೂ ಹಾಕುತ್ತಿರಲಿಲ್ಲ.

ಮುಟ್ಟುವಂತಿಲ್ಲ ಎಂದ ಮೇಲೆ ಉಳಿದದ್ದು ನೋಡುವುದು. ನಾನು ಬೆಂಡನ್ನು ಓದಲು ಕಲಿತೆ. ಸಣ್ಣ ಪಕ್ಕೆ ಮೀನುಗಳು ಬಂದರೆ ಬೆಂಡು ಸುಮ್ಮನೆ ನಡುಗುತ್ತದೆ, ಹಿಟ್ಟು ತಿಂದುಕೊಂಡು ಹೋಗುತ್ತವೆ, ಸಿಗುವುದಿಲ್ಲ. ಜಿಲೇಬಿ ಮೀನು ಅಡ್ಡಡ್ಡ ಎಳೆಯುತ್ತದೆ. ರೋಹು ಬಂದರೆ ಬೆಂಡು ಇದ್ದಕ್ಕಿದ್ದಂತೆ ಇರುವುದೇ ಇಲ್ಲ. ಎಲ್ಲಕ್ಕಿಂತ ಗಮ್ಮತ್ತಿನದು ಗೆಂಡೆ. ಅದು ತಳದಲ್ಲಿ ಹಿಟ್ಟನ್ನು ಬಾಯಿಗಿಟ್ಟುಕೊಂಡು ಸ್ವಲ್ಪ ಮೇಲಕ್ಕೆ ಬರುತ್ತದೆ. ಆಗ ನಿಂತಿದ್ದ ಬೆಂಡು ಮೇಲೆದ್ದು ನೀರಿನ ಮೇಲೆ ಅಡ್ಡ ಮಲಗುತ್ತದೆ. ಅವಸರದವರು ಆಗಲೇ ಜಗ್ಗಿ ಕಳೆದುಕೊಳ್ಳುತ್ತಾರೆ. ಮಲಗಿದ ಬೆಂಡು ಜಾರುತ್ತ ಹೊರಟಾಗ ಜಗ್ಗಬೇಕು. ಅಪ್ಪ ಅವಸರದವನು. ನಾನು ಬಂಡೆಯ ಮೇಲಿಂದ "ಈಗ ಬ್ಯಾಡ, ಈಗ ಬ್ಯಾಡ, ಹಾಂ ಈಗ!" ಎಂದು ಕೂಗುವುದು, ಅವನು ಅಷ್ಟರಲ್ಲಿ ಜಗ್ಗಿ ಬರಿ ಕೊಕ್ಕೆ ನೋಡುವುದು, ಚಾಚಾ ಬಿದ್ದು ಬಿದ್ದು ನಗುವುದು. ಎರಡು ವರ್ಷ ನನಗೆ ಒಂದೇ ಆಸೆ. ಆ ಕೋಲು ಒಂದು ಸಲ, ಒಂದೇ ಸಲ ನನ್ನ ಕೈಗೆ ಬರಬೇಕು.

ಅದು ಬಂದದ್ದು ಹತ್ತು ತುಂಬಿದ ವರ್ಷದ ಬೇಸಿಗೆಯಲ್ಲಿ. ಹೊಳೆ ಇಳಿದು ಮಡುಗಳಷ್ಟೇ ಉಳಿದಿದ್ದವು. ಅಪ್ಪ ತನ್ನ ಕೋಲನ್ನು ಕಲ್ಲಿಗೆ ಒರಗಿಸಿ, ಮೀನು ಸೇರಲೆಂದು ಮೇಲಿನ ಮಡುವಿಗೆ ಶೇಂಗಾ ಹಿಂಡಿ ಚೆಲ್ಲಿ ಬರುತ್ತೇನೆ ಎಂದು ಹೋದ. ಅವನು ಬಂಡೆಗಳ ಮರೆಯಾಗುವುದಕ್ಕೂ ಅವನ ಬೆಂಡು ಮೇಲೆದ್ದು ಮಲಗುವುದಕ್ಕೂ ಸರಿಹೋಯಿತು. ಚಾಚಾ ತನ್ನ ಗಾಳಕ್ಕೆ ಹಿಟ್ಟು ಮೆತ್ತುತ್ತಿದ್ದ, ನೋಡಲಿಲ್ಲ. ನಾನು ಬಂಡೆಯಿಂದ ಇಳಿದು ಓಡಿದೆ. ಓಡುತ್ತಲೇ ಕರಡಿಗೆ ತೆಗೆದೆ.

"ಚಾಚಾ, ಹಿಡ್ಕೊ!"

"ಏ ಸುಮೀ, ನನಗ್ಯಾಕ ಕೊಡ್ತೀಯವ್ವಾ! ಕೈ ಹೊಲಸು ಐತಿ, ತಡಿ, ತಡಿ!"

ಅವನು ಕೈಯನ್ನು ನೀರಿಗದ್ದಿ, ಅಂಗಿಗೆ ಒರೆಸಿಕೊಂಡು, ನಮಾಜಿಗೆಂದು ಮಡಿಸಿ ಇಟ್ಟುಕೊಂಡಿದ್ದ ಬಿಳಿ ಕರವಸ್ತ್ರವನ್ನು ಎರಡೂ ಕೈಯಲ್ಲಿ ಹರಡಿ ಹಿಡಿದ. ನಾನು ಕರಡಿಗೆಯನ್ನು ಅದರೊಳಗೆ ಹಾಕಿ ಕೋಲು ಹಿಡಿದೆ. ಬೆಂಡು ಮಲಗಿಯೇ ಇತ್ತು. ಆಮೇಲೆ ಜಾರತೊಡಗಿತು. ಜಗ್ಗಿದೆ. ಕೋಲಿನ ತುದಿ ಬಾಗಿ, ದಾರದೊಳಗಿಂದ ಒಂದು ಜೀವ ನನ್ನ ಅಂಗೈಯವರೆಗೆ ಬಂದು ಗುದ್ದಿತು. ಈ ಐವತ್ತರ ಹತ್ತಿರದ ವಯಸ್ಸಿನಲ್ಲೂ ಆ ಗುದ್ದು ನನಗೆ ನೆನಪಿದೆ. ಚಾಚಾ ಒಂದು ಕೈಯಲ್ಲಿ ಕರವಸ್ತ್ರದ ಗಂಟನ್ನು ಎದೆಗೊತ್ತಿಕೊಂಡು, ಇನ್ನೊಂದು ಕೈಯಿಂದ ದಾರ ಹಿಡಿದು ದಡಕ್ಕೆ ತಂದ. ಗೆಂಡೆ, ನನ್ನ ಮೊಳಕೈ ಉದ್ದದ್ದು, ಬೆನ್ನು ಬಂಗಾರದ ಬಣ್ಣದ್ದು. ಅದನ್ನು ಚಾಚಾ ನೀರು ತುಂಬಿಟ್ಟಿದ್ದ ಹಳೆಯ ಪೇಂಟಿನ ಡಬ್ಬಿಗೆ ಹಾಕಿದೆವು. ಅಷ್ಟರಲ್ಲಿ ಅಪ್ಪ ಬರುವುದು ಕಂಡು ಚಾಚಾ ಗಂಟನ್ನು ಅಂಗಿಯೊಳಗೆ ಸೇರಿಸಿಕೊಂಡ, ನಾನು ಬಂಡೆಯ ಮೇಲೆ ಏರಿ ಕೂತುಬಿಟ್ಟೆ. ಡಬ್ಬಿಯೊಳಗೆ ಇಣುಕಿ ಅಪ್ಪ ಕೇಳಿದ: "ಯಾರು ಹಿಡಿದದ್ದು ಖಾಸಿಂ ಇದನ್ನ?" ಚಾಚಾ ನನ್ನ ಮುಖ ನೋಡಿ, "ನಿನ್ನ ಗಾಳಕ್ಕ ಬಿತ್ತಣ್ಣ," ಅಂದ. ಭಾನುವಾರವಾದರೂ ಆ ದಿನ ಮಧ್ಯಾಹ್ನ ಗಿರಣಿ ತೆರೆಯಬೇಕಿತ್ತು, ಅಪ್ಪ ಅವಸರ ಮಾಡಿ ಹೊರಡಿಸಿದ. ಅಪ್ಪನೆದುರು ಕರಡಿಗೆ ಕೇಳಲು ನನಗೆ ಬಾಯಿಲ್ಲ, ಕೊಡಲು ಚಾಚಾನಿಗೆ ಕೈಯಿಲ್ಲ. ಅವನು ಅವನ ಗಾಡಿಯಲ್ಲಿ ಹೋದ, ನಾವು ನಮ್ಮದರಲ್ಲಿ.

ಅಪ್ಪ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ದೇವರ ಕೋಣೆಗೆ ಬಂದು ಎಂದಿನಂತೆ ಕೈ ಚಾಚಿದ. ಹೊಳೆಯಿಂದ ಬಂದು ಮೈ ತೊಳೆದ ಮೇಲೆಯೇ ಅವನು ಕರಡಿಗೆ ವಾಪಸು ತೆಗೆದುಕೊಳ್ಳುವುದು. ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ಎಲ್ಲೈತಿ?"

ಚಾಚಾನ ಹತ್ತಿರ ಇದೆ ಎಂದು ಹೇಳುವುದು ಎಷ್ಟು ಸುಲಭವಿತ್ತು! ಆದರೆ ಹಾಗೆ ಹೇಳಿದರೆ ಕೋಲು ಹಿಡಿದದ್ದನ್ನು ಹೇಳಬೇಕು. ಅಪ್ಪನ ಲಿಂಗವನ್ನು ಬಿಚ್ಚಿ ಇನ್ನೊಬ್ಬರ ಕೈಗೆ ಕೊಟ್ಟೆ ಎಂದು ಹೇಳಬೇಕು. ಮುಂದಿನ ಭಾನುವಾರದಿಂದ ಹೊಳೆಯೂ ಇಲ್ಲ, ಬಂಡೆಯೂ ಇಲ್ಲ.

"ಬಿದ್ದಿರಬೇಕಪ್ಪಾ... ಗೊತ್ತಾಗಲಿಲ್ಲ," ಅಂದೆ.

ಅಪ್ಪನ ಮುಖ ಬಿಳಿಚಿಕೊಂಡಿತು. ನನ್ನನ್ನು ಬೈಯುತ್ತಾನೆ ಎಂದು ಕಾದೆ. ಅವನು ನನ್ನ ತಲೆಯ ಮೇಲೆ ಒಮ್ಮೆ ಕೈ ಇಟ್ಟು ಹೊರಗೆ ಹೋದ. ಕಟ್ಟೆಯ ಮೇಲಿದ್ದ ಅಜ್ಜಿಗೆ ಅವನು ಹೇಳಿದ್ದು ನನಗೆ ಕೇಳಿಸಿತು.

"ಅವ್ವಾ, ದಾರ ಹರಿದು ಲಿಂಗ ಹೊಳಿದಂಡ್ಯಾಗ ಎಲ್ಲೋ ಬಿದ್ದೈತಿ. ಹುಡುಕ್ಯಾಡಿಕೊಂಡು ಬರ್ತೀನಿ."

ಅಜ್ಜಿ ಕೂಗಾಡಲಿಲ್ಲ. "ಸಿಗೋಮಟ ನಾನೂ ಬಾಯಿಗೆ ನೀರು ಹಾಕಂಗಿಲ್ಲ. ಹೋಗಿ ಬಾ," ಅಂದಳು.

ಅದು ಉರಿಬಿಸಿಲಿನ ದಿನ. ಬೆಳಗಿನಿಂದ ಒಂದು ಗುಟುಕು ನೀರಿಲ್ಲದ ಅಪ್ಪ ಮತ್ತೆ ಹನ್ನೆರಡು ಕಿಲೋಮೀಟರು ಹೋದ, ಇಲ್ಲದ್ದನ್ನು ಹುಡುಕಲು. ಅವ್ವ ಸೀಕರಣೆ ಮಾಡಿಟ್ಟಿದ್ದಳು. ಪಾತ್ರೆಯ ಮೇಲೆ ತಟ್ಟೆ ಮುಚ್ಚಿ ಒಲೆಯ ಪಕ್ಕ ಕೂತಳು. ನನ್ನನ್ನು ಮಾತ್ರ ಊಟಕ್ಕೆ ಕರೆದಳು, ನಾನು ಒಲ್ಲೆ ಎಂದೆ. ಹನ್ನೆರಡು ಹೊಡೆಯಿತು, ಒಂದಾಯಿತು. ಕಟ್ಟೆಯ ಮೇಲಿನ ಬಿಸಿಲು ಅಜ್ಜಿಯ ಕಾಲಿನವರೆಗೆ ಬಂದರೂ ಅವಳು ಒಳಗೆ ಬರಲಿಲ್ಲ, ಮಗ ಬರುವ ದಾರಿ ನೋಡುತ್ತಲೇ ಇದ್ದಳು. ನನಗೆ ನೀರಡಿಕೆ ತಡೆಯಲಾಗಲಿಲ್ಲ. ಯಾರೂ ನೋಡದಂತೆ ಹಿತ್ತಲಿಗೆ ಹೋಗಿ, ಬಾನಿಯಲ್ಲಿದ್ದ ನೀರನ್ನು ಚೆಂಬಿನ ತುಂಬ ಕುಡಿದೆ. ನಾನು ಎಂಥ ಮಗಳು ಅನ್ನಿಸಿತು. ಅಲ್ಲೇ ಕೂತು ಅತ್ತೆ. ಆಮೇಲೆ ಎದ್ದು ಹೋಗಿ ಅಜ್ಜಿಯ ಪಕ್ಕ ನಿಂತು ಎಲ್ಲವನ್ನೂ ಹೇಳಿದೆ: ಇವತ್ತಿನದು, ಎರಡು ವರ್ಷದ್ದು, ಜಾಲಿ ಗಿಡದ್ದು. ಅಪ್ಪನ ಗುಟ್ಟನ್ನು ಬಿಟ್ಟುಕೊಡುತ್ತಿದ್ದೇನೆ ಎಂದು ಗೊತ್ತಿದ್ದೇ ಹೇಳಿದೆ.

ಅಜ್ಜಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಚಪ್ಪಲಿ ಮೆಟ್ಟಿದಳು.

"ನಡಿ. ಖಾಸಿಮನ ಮನಿ ತೋರಸು."

ದಾರಿಯಲ್ಲಿ ಅವಳು ಒಂದೇ ಮಾತಾಡಿದ್ದು. "ನಿಮ್ಮಪ್ಪ ಸುಳ್ಳು ಹೇಳಿದ್ದು ನಿನ್ನ ಸಲುವಾಗಿ. ನೀನು ಹೇಳಿದ್ದು ಯಾರ ಸಲುವಾಗಿ?"

ಚಾಚಾನ ಮನೆ ಮೂರು ಓಣಿ ಆಚೆ. ಬಾಗಿಲು ತೆರೆದವನು ಅಜ್ಜಿಯನ್ನು ಕಂಡು ಹಾಗೇ ನಿಂತ. ಒಗೆದ ಬಿಳಿ ಅಂಗಿ ಹಾಕಿಕೊಂಡಿದ್ದ. ಅಜ್ಜಿ ಕೇಳುವ ಮೊದಲೇ ಗುಂಡಿ ಬಿಚ್ಚಿ ತೋರಿಸಿದ. ಕರವಸ್ತ್ರವನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ.

"ಕೆಳಗ ಇಟ್ಟಿಲ್ರಿ ದೊಡ್ಡವ್ವಾರ. ಬಂದವನ ಜಳಕ ಮಾಡಿ, ಎದಿಮ್ಯಾಲೆ ಕಟ್ಟಿಕೊಂಡೀನ್ರಿ. ನಿಮ್ಮ ಓಣಿ ಮೂಲಿಗೆ ಮೂರು ಸಲ ಬಂದಿದ್ದೆ. ನೀವು ಕಟ್ಟಿಮ್ಯಾಲೆ ಕುಂತಿದ್ರಿ. ಅವ್ವಗ ಗೊತ್ತಾಗಬಾರದು ಅಂತ ಅಣ್ಣ ಹೇಳ್ಯಾನ್ರಿ. ನೀವು ಎದ್ದು ಒಳಗ ಹೋಗಲಿ ಅಂತ ಕಾದೆ."

"ನಾನು ಮಗ ಬರಲಿ ಅಂತ ಕುಂತಿದ್ನಪ್ಪಾ," ಅಂದಳು ಅಜ್ಜಿ.

ಒಳಗಿನಿಂದ ಹಸೀನಾ ಚಾಚಿ ಬಂದಳು. ಅವಳ ಹಿಂದೆ ಮಕ್ಕಳು ಸಪ್ಪೆ ಮುಖ ಮಾಡಿಕೊಂಡು ನಿಂತಿದ್ದವು. ಚಾಚಿಗೆ ಸಿಟ್ಟೋ ಅಳುವೋ ತಿಳಿಯಲಿಲ್ಲ.

"ಹೊಳಿಯಿಂದ ಬಂದಾಗಿಂದ ಒಲಿ ಹಚ್ಚಿಲ್ರಿ ಅಮ್ಮಾ. ಅದು ಮನ್ಯಾಗ ಇರೋಮಟ ಮೀನ ಕೊಯ್ಯಬ್ಯಾಡ ಅಂತ ಇವ್ರು ಈಳಿಗಿ ತಗೊಂಡು ಅಟ್ಟದ ಮ್ಯಾಲೆ ಇಟ್ಟಾರ."

ಬಾಗಿಲ ಪಕ್ಕ ಪೇಂಟಿನ ಡಬ್ಬಿಯಲ್ಲಿ ಮೀನುಗಳು ಇನ್ನೂ ಓಡಾಡುತ್ತಿದ್ದವು. ಹತ್ತು ವರ್ಷದ ಒಬ್ಬಳ ಕೈಚಪಲಕ್ಕೆ ಎರಡು ಮನೆಗಳ ಒಲೆ ತಣ್ಣಗೆ ಕೂತಿತ್ತು. ಚಾಚಾ ಕರಡಿಗೆಯನ್ನು ಅಜ್ಜಿಯ ಅಂಗೈಯಲ್ಲಿಟ್ಟ. ಅವಳು ಕಣ್ಣಿಗೊತ್ತಿಕೊಂಡು ಸೆರಗಿನಲ್ಲಿ ಕಟ್ಟಿಕೊಂಡಳು. ಹೊರಡುವವಳು ಡಬ್ಬಿಯ ಹತ್ತಿರ ನಿಂತಳು. ಗುಡೇಕೋಟೆಯ ಒಣಗುಡ್ಡದಲ್ಲಿ ಬೆಳೆದವಳು, ಬದುಕಿದ ಮೀನನ್ನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಾರಳು.

"ಇದರಾಗ ನಿಂದು ಯಾವುದು?"

ತೋರಿಸಿದೆ.

"ಬಾಯಿ ತಗದು ಮುಚ್ಚಾಕತ್ತೈತಲ್ಲ, ನೀರು ಕುಡಿತೈತೇನು?"

"ಇಲ್ರಿ ದೊಡ್ಡವ್ವಾರ. ಅದರ ಉಸುರು ಹಂಗ ಆಡ್ತೈತಿ," ಅಂದ ಚಾಚಾ.

ಅಜ್ಜಿ ಇನ್ನೂ ಒಂದು ಗಳಿಗೆ ನೋಡಿ ಚಾಚಿಯ ಕಡೆ ತಿರುಗಿದಳು. "ಒಲಿ ಹಚ್ಚವ್ವಾ. ಕೂಸುಗಳು ಹಸದಾವು." ಚಾಚಾ ಅಪ್ಪನನ್ನು ಕರೆತರಲು ಗಾಡಿ ಹತ್ತಿ ಹೊಳೆಗೆ ಹೋದ.

ಅಪ್ಪ ಬಂದಾಗ ಮೂರು ಗಂಟೆ. ಮುಖ ಕಪ್ಪಿಟ್ಟು, ತುಟಿ ಒಡೆದು, ಮೊಣಕಾಲಿನವರೆಗೆ ಕೆಸರು. ಅಜ್ಜಿ ಅವನನ್ನು ಮೊದಲು ಸ್ನಾನಕ್ಕೆ ಕಳಿಸಿ, ಆಮೇಲೆ ದೇವರ ಕೋಣೆಯಲ್ಲಿ ಎದುರಿಗೆ ಕೂರಿಸಿಕೊಂಡಳು. ನಾನು ಬಾಗಿಲ ಹಿಂದೆ ನಿಂತಿದ್ದೆ. ಅಜ್ಜಿ ಅಪ್ಪನನ್ನು ಹೆಸರು ಹಿಡಿದು ಕರೆದಳು.

"ಕೊಟ್ರಾ, ದಾರ ಹರೀತು ಅಂದಿ. ಜಗ್ಗಿ ನೋಡು, ಎಷ್ಟು ಗಟ್ಟಿ ಐತಿ."

ಅಪ್ಪ ತಲೆ ತಗ್ಗಿಸಿದ. "ಮೀನ ಮುಟ್ಟೋ ಕೈ ಅವ್ವಾ. ಆವಾಗ ಇದು ಮೈಮ್ಯಾಲೆ ಇರಬಾರದು ಅಂತ..."

"ಶಿವಗ ಕಾಣಬಾರದು ಅಂತ ಹೇಳು. ಜಾಲಿ ಗಿಡದ ಮ್ಯಾಲಿಂದ ಕಾಣಂಗಿಲ್ಲೇನು ಅವಗ? ಕೂಸಿನ ಕೊಳ್ಳಾಗಿಂದ ಕಾಣಂಗಿಲ್ಲೇನು? ಹೊಳಿಗೆ ಹೋಗಬ್ಯಾಡ ಅಂತ ನಾ ಅನ್ನಂಗಿಲ್ಲ. ಇದನ್ನ ಕಟ್ಟಿಕೊಂಡು ಏನು ಮಾಡಾಕ ನಿನ್ನ ಮನಸ್ಸು ಒಪ್ತೈತೋ ಅಷ್ಟು ಮಾಡು. ಬಿಚ್ಚಿಟ್ಟು ಮಾಡೋದು ಏನಿದ್ರೂ ಬ್ಯಾಡ."

ಅವಳೇ ಅವನ ಕೊರಳಿಗೆ ಕಟ್ಟಿದಳು. ಅಪ್ಪ ಪೂಜೆ ಮಾಡಿ, ಒಂದು ಚೆಂಬು ನೀರನ್ನು ಒಂದೇ ಉಸಿರಿಗೆ ಕುಡಿದ. ಸಂಜೆ ನಾಲ್ಕಕ್ಕೆ ನಾವು ಮಧ್ಯಾಹ್ನದ ಊಟ ಮಾಡಿದೆವು. ಗಿರಣಿ ಆ ದಿನ ತೆರೆಯಲೇ ಇಲ್ಲ.

ಆ ವಾರವೆಲ್ಲ ಅಪ್ಪ ನನ್ನ ಮೇಲೆ ಸಿಟ್ಟಾಗಲಿಲ್ಲ. ಅದೇ ನನಗೆ ಕಷ್ಟವಾಯಿತು. ಎಂದಿನಂತೆ ಮಾತಾಡುತ್ತಿದ್ದ, ಹೊಳೆಯ ಸುದ್ದಿ ಮಾತ್ರ ಇಲ್ಲ. ಶನಿವಾರ ಸಂಜೆ ಹಿಂಡಿಯ ಪೊಟ್ಟಣ ಇಲ್ಲದೆ ಬರಿಗೈಯಲ್ಲಿ ಬಂದ. ಮುಗಿಯಿತು ಅಂದುಕೊಂಡೆ. ಅಪ್ಪನಿಗೆ ಇಡೀ ವಾರದಲ್ಲಿ ತನ್ನದೆಂದು ಇದ್ದದ್ದು ನಾಲ್ಕೇ ತಾಸು, ಅದನ್ನೂ ನಾನು ಕಸಿದುಕೊಂಡೆ. ಚಾದರ ಹೊದ್ದು, ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಬೆಳಿಗ್ಗೆ ಯಾರೋ ಕಾಲು ಅಲುಗಿಸಿದರು. ಅಪ್ಪ.

"ಏಳು. ಹೊತ್ತಾತು."

ಅಡುಗೆಮನೆಯಲ್ಲಿ ಅವ್ವ, ಯಾರೂ ಹೇಳದೆ, ಬರಿ ಜೋಳದ ಹಿಟ್ಟಿಗೆ ಬೆಲ್ಲ ಹಾಕಿ ನಾದಿ ಇಟ್ಟಿದ್ದಳು. ಇಂಗು ಎಂದಿಗಿಂತ ಹೆಚ್ಚೇ ಬಿದ್ದಿತ್ತು.

ದಂಡೆಯಲ್ಲಿ ಚಾಚಾ ಆಗಲೇ ಬಂದು ಕೋಲುಗಳನ್ನು ಬಿಚ್ಚುತ್ತಿದ್ದ. ಅಪ್ಪ ಕರಡಿಗೆಯನ್ನು ತೆಗೆಯಲಿಲ್ಲ. ಅಂಗಿಯ ಮೇಲೆಯೇ ಬಿಟ್ಟುಕೊಂಡ. ಒಂದು ಕೋಲನ್ನು ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ತಾನು ಹಿಡಿದು ಕೂತ. ಮೊದಲು ಬಂದದ್ದು ಅಪ್ಪನ ಗಾಳಕ್ಕೆ, ಒಳ್ಳೆಯ ರೋಹು. ಅದನ್ನು ಕೊಕ್ಕೆಯಿಂದ ಬಿಡಿಸಲು ಬಾಗಿದಾಗ ಕರಡಿಗೆ ತೂಗಿ ಮೀನಿನ ಒದ್ದೆ ಮೈಗೆ ತಾಗಿತು. ಅಪ್ಪ ಹಾಗೇ ಬಾಗಿ ನಿಂತ. ಎಷ್ಟು ಹೊತ್ತು ನಿಂತನೆಂದರೆ, ಮೀನು ಸತ್ತೀತೆಂದು ನಾನು ಉಸಿರು ಬಿಗಿಹಿಡಿದೆ. ಆಮೇಲೆ ಎರಡೂ ಕೈಯಲ್ಲಿ ಅದನ್ನು ನೀರಿನೊಳಗೆ ಹಿಡಿದು, ಮೆಲ್ಲಗೆ ಬಿಟ್ಟ.

"ಅಣ್ಣಾ, ಎರಡು ಕೆಜಿ ಇತ್ತಲ್ಲೋ!" ಎಂದು ಚಾಚಾ ನರಳಿದ.

"ನನ್ನ ಕೈಲೆ ಇಷ್ಟ ಆಗೋದು ಖಾಸಿಂ," ಅಂದ ಅಪ್ಪ. ಮತ್ತೆ ಹಿಟ್ಟು ಮೆತ್ತಿ ಗಾಳ ಎಸೆದ.

ಅಷ್ಟರಲ್ಲಿ ನನ್ನ ಬೆಂಡು ಅಡ್ಡಕ್ಕೆ ಜಾರಿತು. ಒಂದು ಜಿಲೇಬಿ ಬಂತು, ಅಂಗೈಯಗಲದ್ದು, ಕೊಕ್ಕೆಯನ್ನು ಆಳಕ್ಕೆ ನುಂಗಿತ್ತು. ನನ್ನ ಕೈಯಿಂದ ಅದನ್ನು ಬಿಡಿಸಲಾಗಲಿಲ್ಲ. ಅದನ್ನು ಹಿಡಿದುಕೊಂಡೇ ಅಪ್ಪನ ಮುಖ ನೋಡಿದೆ. ಅವನು ಬಿಡು ಎಂದರೆ ಬಿಡುತ್ತಿದ್ದೆ. ಬಿಡಲು ನನಗೆ ಮನಸ್ಸಿರಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಚಾಚಿಯ ಹಿಂದೆ ಸಪ್ಪೆ ಮುಖ ಮಾಡಿ ನಿಂತಿದ್ದ ಮಕ್ಕಳೂ ನೆನಪಾದರು.

"ನನ್ನ ಯಾಕ ನೋಡ್ತಿ? ನಿನ್ನ ಮೀನು. ನಿನಗ ತಿಳಿದಂಗ ಮಾಡು," ಅಂದ ಅಪ್ಪ.

"ಚಾಚಾಗ," ಅಂದೆ.

ಚಾಚಾ ಡಬ್ಬಿ ಮುಂದೆ ಮಾಡಿ ಮೀನನ್ನು ನೋಡಿದ. "ಇಷ್ಟಕ್ಕ ಒಲಿ ಹಚ್ಚು ಅಂದ್ರ ನಿಮ್ಮ ಚಾಚಿ ನನ್ನ ಮನಿ ಹೊರಗ ಹಾಕ್ತಾಳವ್ವಾ. ಇನ್ನ ನಾಲ್ಕು ಹಿಡಿ."

ಅಪ್ಪ ನಕ್ಕ. ಆ ವಾರದಲ್ಲಿ ಅದು ಮೊದಲ ಸಲ. ಹೊತ್ತೇರುವುದರೊಳಗೆ ನಾನು ಇನ್ನೂ ಐದು ಹಿಡಿದೆ. ನನಗೆ ಕೊಕ್ಕೆ ಬಿಡಿಸಲು ಬರುತ್ತಿರಲಿಲ್ಲ. ತನ್ನ ಗಾಳಕ್ಕೆ ಬಿದ್ದದ್ದನ್ನೆಲ್ಲ ಹೊಳೆಗೇ ಬಿಡುತ್ತಿದ್ದ ಅಪ್ಪ, ನನ್ನ ಗಾಳದ ಒಂದೊಂದು ಮೀನನ್ನೂ ತಾನೇ ಬಿಡಿಸಿ ಚಾಚಾನ ಡಬ್ಬಿಗೆ ಹಾಕಿದ, ಲಿಂಗ ಕಟ್ಟಿಕೊಂಡೇ.